ಗಿಮ್ಲೆಟ್ಟಿನ ಹದ

ನಮ್ಮ ಹಳೆಯ ಅಡುಗೆ ಪುಸ್ತಕಗಳಲ್ಲಿ ಸಾರಿಗೆ ಹಾಕುವ ಹುಣಸೆಹಣ್ಣಿಗೆ ಒಂದೇ ಅಳತೆ: ನಿಂಬೆ ಗಾತ್ರ. ಯಾವ ನಿಂಬೆ, ಹೊಸ ಹುಣಸೆಯೋ ಹಳೆಯದೋ, ಬೀಜ ತೆಗೆದದ್ದೋ ತೆಗೆಯದ್ದೋ, ಅದನ್ನೆಲ್ಲ ಯಾರೂ ಬರೆಯುತ್ತಿರಲಿಲ್ಲ. ಬರೆಯುವವರ ಕಣ್ಣ ಮುಂದೆಯೂ ಓದುವವರ ಕಣ್ಣ ಮುಂದೆಯೂ ಇದ್ದದ್ದು ಒಂದೇ ನಿಂಬೆ. ಈಗ ಅದೇ ಪುಸ್ತಕ ಹಿಡಿದು ಅಮೆರಿಕದಲ್ಲಿರುವ ಮಗಳು ಸಾರಿಗೆ ಇಟ್ಟರೆ, ಅಲ್ಲಿನ ಅಂಗಡಿಯ ನಿಂಬೆ ನಮ್ಮದರ ಎರಡರಷ್ಟು ದಪ್ಪ, ಸಾರು ಬಾಯಿಗಿಡಲಾರದಷ್ಟು ಹುಳಿ. ಪುಸ್ತಕ ತಪ್ಪು ಹೇಳಿಲ್ಲ. ಅದಕ್ಕೆ ಗೊತ್ತಿದ್ದ ನಿಂಬೆ ಬೇರೆ.

ಹಳೆಯ ಕಾಕ್‌ಟೇಲ್ ಪುಸ್ತಕಗಳನ್ನು ತೆರೆದಾಗ ನನಗೆ ಮೊದಲು ನೆನಪಾಗುವುದು ಈ ಹುಣಸೆಯ ಉಂಡೆ. ಸ್ಕಾಟ್ಲೆಂಡಿನ ಹ್ಯಾರಿ ಮೆಕೆಲ್ಹೋನ್ 1922ರ ಸುಮಾರಿಗೆ ಪಾನೀಯಗಳ ಒಂದು ಪುಟ್ಟ ಪುಸ್ತಕ ಹೊರತಂದ. ಮುಂದೆ ಪ್ಯಾರಿಸಿನ 'ಹ್ಯಾರೀಸ್ ನ್ಯೂಯಾರ್ಕ್ ಬಾರ್' ಎಂದು ಹೆಸರಾದದ್ದು ಇವನದೇ ಬಾರು. ಆ ಪುಸ್ತಕದಲ್ಲಿ ಗಿಮ್ಲೆಟ್ ಎಂಬ ಜಿನ್ ಪಾನೀಯವಿದೆ. ಅರ್ಧ ಪಾಲು ಪ್ಲಿಮತ್ ಜಿನ್, ಅರ್ಧ ಪಾಲು ರೋಸ್ ಕಂಪನಿಯ ಲೈಮ್ ಕಾರ್ಡಿಯಲ್, ಕಲಕಿ ಅದೇ ಗಾಜಿನಲ್ಲಿ ಕೊಡುವುದು, ಬೇಕೆನಿಸಿದರೆ ಐಸು. ಇಷ್ಟೇ. ನೌಕಾಪಡೆಯವರಿಗೆ ಇದು ಬಲು ಇಷ್ಟ ಎಂಬ ಮಾತೂ ಜೊತೆಗಿದೆ.

ಮನೆಯಲ್ಲೇ ಪಾನೀಯ ಬೆರೆಸಿ ಕಲಿಯಬೇಕೆನ್ನುವವರು ಮೊದಲು ಇದನ್ನು ಬರೆದ ಹಾಗೇ ಮಾಡಿ ನೋಡಬೇಕು. ಅಂಗಡಿಯಲ್ಲಿ ಸಿಗುವ ಲೈಮ್ ಕಾರ್ಡಿಯಲ್ 30 ಮಿಲಿ, ಮನೆಯಲ್ಲಿರುವ ಜಿನ್ 30 ಮಿಲಿ, ನಾಲ್ಕು ತುಂಡು ಐಸು. ಮೊದಲ ಗುಟುಕಿಗೇ ತುಟಿ ಅಂಟುತ್ತದೆ. ಜಿನ್ನಿನ ಕಂಪು ಸಕ್ಕರೆಯ ಕೆಳಗೆ ಹೂತುಹೋಗಿರುತ್ತದೆ. ನೂರು ವರ್ಷ ಬಾಳಿದ ಪಾನೀಯ ಇದೇನಾ ಅನ್ನಿಸುತ್ತದೆ. ಈ ನಿರಾಸೆಯಲ್ಲಿ ಬಹಳಷ್ಟು ಜನ ಕಾರ್ಡಿಯಲ್ಲನ್ನು ಬದಿಗಿಟ್ಟು, ತಾಜಾ ನಿಂಬೆರಸಕ್ಕೆ ಸಕ್ಕರೆ ಪಾಕ ಸೇರಿಸಿ, ಅದಕ್ಕೇ ಗಿಮ್ಲೆಟ್ ಎಂದು ಹೆಸರಿಡುತ್ತಾರೆ. ಕುಡಿಯಲು ಅದು ಚೆನ್ನಾಗಿಯೇ ಇರುತ್ತದೆ. ಆದರೆ ಗಿಮ್ಲೆಟ್ ಏಕೆ ಹುಟ್ಟಿತು, ಅದರಲ್ಲಿ ಸವಿಯಬೇಕಾದದ್ದು ಏನು ಎಂಬುದು ಅಲ್ಲಿಗೆ ಕೈತಪ್ಪಿಹೋಗುತ್ತದೆ.

ನಾನು ಇದನ್ನು ಉಪ್ಪಿನಕಾಯಿಯ ಕಡೆಯಿಂದ ಅರ್ಥ ಮಾಡಿಕೊಂಡೆ. ಮೊಸರನ್ನಕ್ಕೆ ನಿಂಬೆ ಉಪ್ಪಿನಕಾಯಿ ಕೇಳಿದವರಿಗೆ, ಅದಕ್ಕಿಂತ ಹೊಸದು ಇದೆ ಎಂದು ಹಸಿ ನಿಂಬೆ ಕತ್ತರಿಸಿ ಎಲೆಗೆ ಬಡಿಸುವವರು ಯಾರಾದರೂ ಇದ್ದಾರೆಯೆ? ಭರಣಿಯಲ್ಲಿ ತಿಂಗಳುಗಟ್ಟಲೆ ಕೂತ ನಿಂಬೆಗೆ ಅದರದೇ ರುಚಿಯಿದೆ. ಸಿಪ್ಪೆಯ ಕಹಿ ಮೆತ್ತಗಾಗಿರುತ್ತದೆ, ಎಣ್ಣೆ ರಸಕ್ಕಿಳಿದಿರುತ್ತದೆ, ಹುಳಿ ಚುಚ್ಚುವುದನ್ನು ಬಿಟ್ಟು ಹರಡಿಕೊಂಡಿರುತ್ತದೆ. ಕಾರ್ಡಿಯಲ್ ಅಂದರೆ ಸಕ್ಕರೆಯಲ್ಲಿ ಕಾದಿಟ್ಟ ನಿಂಬೆ. ಗಿಮ್ಲೆಟ್ ಆ ಕಾದಿಟ್ಟ ನಿಂಬೆಯ ಪಾನೀಯ. ಹಾಗಾಗಿ ಈಗಿನ ನಾಲಗೆಗೆ ಅದನ್ನು ಹೊಂದಿಸುವಾಗ ಸಿಹಿ ಇಳಿಸಬಹುದು, ಅಳತೆ ಬದಲಿಸಬಹುದು, ಐಸು ಹೆಚ್ಚಿಸಬಹುದು. ಕಾದಿಟ್ಟ ನಿಂಬೆಯ ಗುಣವನ್ನು ಮಾತ್ರ ಬಿಡಬಾರದು.

ಹಡಗಿನ ನಿಂಬೆ

ಕಾದಿಡಬೇಕಾಗಿ ಬಂದದ್ದು ಕಡಲಿನ ಕಾರಣಕ್ಕೆ. ತಿಂಗಳುಗಟ್ಟಲೆ ಒಣ ರೊಟ್ಟಿ, ಉಪ್ಪು ಹಚ್ಚಿದ ಮಾಂಸ ತಿಂದುಕೊಂಡು ಹಡಗಿನಲ್ಲಿದ್ದವರಿಗೆ ಸ್ಕರ್ವಿ ರೋಗ ಬರುತ್ತಿತ್ತು. ವಸಡು ಊದಿ ರಕ್ತ ಸೋರುತ್ತಿತ್ತು, ಹಳೆಯ ಗಾಯಗಳು ಮತ್ತೆ ಬಿರಿಯುತ್ತಿದ್ದವು, ಆಳು ಎದ್ದು ನಿಲ್ಲಲಾರದೆ ಸಾಯುತ್ತಿದ್ದ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ಸಾಲ್ಸ್‌ಬರಿ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಗುಂಪು ಮಾಡಿ, ಗುಂಪಿಗೊಂದು ಮದ್ದು ಕೊಟ್ಟು ನೋಡಿದ. ಕಿತ್ತಳೆ ಮತ್ತು ದೊಡ್ಡ ಹಳದಿ ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಎದ್ದು ಓಡಾಡಿದರು. ನೌಕಾಪಡೆ ಅದನ್ನು ಪೂರ್ತಿ ನಂಬಿ ನಿಂಬೆರಸವನ್ನು ಹಡಗುಗಳಿಗೆ ಹಂಚಲು ತೊಡಗಿದ್ದು 1795ರಲ್ಲಿ. ನಡುವೆ ಸುಮಾರು ಐವತ್ತು ವರ್ಷ ಕಳೆದುಹೋಗಿತ್ತು.

ರಸ ಕೆಡದಂತೆ ಆಗ ಅದಕ್ಕೆ ಮದ್ಯ ಬೆರೆಸುತ್ತಿದ್ದರು. ಎಡಿನ್‌ಬರೋ ಪಕ್ಕದ ಲೀತ್ ಬಂದರಿನಲ್ಲಿ ಹಡಗುಗಳಿಗೆ ಸಾಮಾನು ಒದಗಿಸುತ್ತಿದ್ದ ಲಾಕ್ಲನ್ ರೋಸ್ ಮದ್ಯವಿಲ್ಲದೆಯೇ ರಸವನ್ನು ಕಾದಿಡುವ ದಾರಿ ಕಂಡುಕೊಂಡು 1867ರಲ್ಲಿ ಪೇಟೆಂಟ್ ಪಡೆದ. ಅದೇ ವರ್ಷ ಬ್ರಿಟನ್ನಿನ ವಾಣಿಜ್ಯ ಹಡಗುಗಳ ಕಾಯಿದೆಗೆ ತಿದ್ದುಪಡಿ ಬಂದು, ನಾವಿಕರಿಗೆ ದಿನಾಲೂ ನಿಂಬೆರಸ ಕೊಡುವುದು ಕಡ್ಡಾಯವಾಯಿತು. ರೋಸ್ ಕಂಪನಿ ಬೆಳೆದು 1893ರಲ್ಲಿ ಕೆರಿಬಿಯನ್ನಿನ ಡೊಮಿನಿಕಾ ದ್ವೀಪದಲ್ಲಿ ನಿಂಬೆ ತೋಟಗಳನ್ನೇ ಕೊಂಡಿತು.

ಇಲ್ಲಿ ಒಂದು ನೋವಿನ ಸಂಗತಿಯೂ ಇದೆ. ಹತ್ತೊಂಬತ್ತನೆಯ ಶತಮಾನದ ನಡುವೆ ನೌಕಾಪಡೆ ಮೆಡಿಟರೇನಿಯನ್ನಿನ ಹಳದಿ ನಿಂಬೆಯನ್ನು ಬಿಟ್ಟು, ಬ್ರಿಟಿಷ್ ವಸಾಹತುಗಳಲ್ಲಿ ಬೆಳೆಯುವ ಸಣ್ಣ ಹಸಿರು ನಿಂಬೆಗೆ ಬದಲಾಯಿತು. ಹುಳಿ ಹೆಚ್ಚಿದ್ದರೆ ಗುಣವೂ ಹೆಚ್ಚು ಎಂದು ಅಂದಿನವರ ನಂಬಿಕೆ. ಆ ಹಸಿರು ನಿಂಬೆಯಲ್ಲಿ ಸಿ ಜೀವಸತ್ವ ಕಡಿಮೆ, ಬಹುಕಾಲ ಇಟ್ಟರೆ ಇದ್ದದ್ದೂ ಕರಗುತ್ತದೆ. 1875ರಲ್ಲಿ ಉತ್ತರ ಧ್ರುವದ ಕಡೆ ಹೊರಟ ಬ್ರಿಟಿಷ್ ತಂಡದ ಬಳಿ ನಿಂಬೆರಸವಿದ್ದರೂ ಸ್ಕರ್ವಿ ತಪ್ಪಲಿಲ್ಲ. ಮದ್ದೆಂದು ಹಡಗು ಹತ್ತಿದ್ದು ಮದ್ದಾಗಿ ಸೋತು, ರುಚಿಯಾಗಿ ಉಳಿದುಕೊಂಡಿತು.

ಹಡಗಿನಲ್ಲಿ ಸಾಮಾನ್ಯ ನಾವಿಕರಿಗೆ ರಮ್, ಅಧಿಕಾರಿಗಳ ಮೇಜಿಗೆ ಜಿನ್. ನೌಕಾಪಡೆಯ ದೊಡ್ಡ ನೆಲೆಯಾದ ಪ್ಲಿಮತ್ ಊರಿನಲ್ಲೇ 1793ರಿಂದ ಜಿನ್ ಭಟ್ಟಿ ನಡೆಯುತ್ತ ಬಂದಿದೆ. ಜಿನ್ನಿಗೆ ಹಡಗಿನ ನಿಂಬೆ ಸೇರಿ ಗಿಮ್ಲೆಟ್ ಆಯಿತು. ಹೆಸರಿಗೆ ಎರಡು ಕಥೆಗಳಿವೆ. ಥಾಮಸ್ ಗಿಮ್ಲೆಟ್ ಎಂಬ ನೌಕಾಪಡೆಯ ವೈದ್ಯನಿಂದ ಬಂತು ಎನ್ನುವುದು ಒಂದು. ಪೀಪಾಯಿಗೆ ತೂತು ಕೊರೆಯುವ ಸಣ್ಣ ಕೈಬೈರಿಗೆಗೆ ಇಂಗ್ಲಿಷಿನಲ್ಲಿ ಗಿಮ್ಲೆಟ್ ಎನ್ನುತ್ತಾರೆ, ಅದರಿಂದ ಬಂತು ಎನ್ನುವುದು ಇನ್ನೊಂದು. ನನ್ನ ಮನಸ್ಸು ಬೈರಿಗೆಯ ಕಡೆ. ಸರಿಯಾಗಿ ಬೆರೆಸಿದ ಗಿಮ್ಲೆಟ್ಟಿನ ಮೊದಲ ಗುಟುಕು ನಾಲಗೆಯ ನಡುವೆ ಒಂದೇ ಬಿಂದುವಿನಲ್ಲಿ ಕೊರೆದು ಆಮೇಲೆ ಅಗಲವಾಗುತ್ತದೆ.

1930ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಹ್ಯಾರಿ ಕ್ರಾಡಕ್ ಪ್ರಕಟಿಸಿದ ದೊಡ್ಡ ಪುಸ್ತಕದಲ್ಲಿ ಗಿಮ್ಲೆಟ್ ಮತ್ತೆ ಕಾಣಿಸುತ್ತದೆ, ಅದೇ ಅರ್ಧ, ಅದೇ ಅರ್ಧ. ಅದರ ನೆರೆಯಲ್ಲಿ ಗಿಂಬ್ಲೆಟ್ ಎಂಬ ಬೇರೆ ಪಾನೀಯವೂ ಇದೆ. ಮುಕ್ಕಾಲು ಪಾಲು ಜಿನ್, ಕಾಲು ಪಾಲು ತಾಜಾ ನಿಂಬೆರಸ, ಮೇಲೆ ಸೋಡಾ. ಕಾರ್ಡಿಯಲ್ಲಿನದು ಬೇರೆ, ಹಸಿ ನಿಂಬೆಯದು ಬೇರೆ ಎಂದು ಅಂದಿನವರು ಒಂದಕ್ಷರದ ವ್ಯತ್ಯಾಸದಲ್ಲೇ ಹೇಳಿಟ್ಟಿದ್ದರು. 1953ರಲ್ಲಿ ರೇಮಂಡ್ ಚಾಂಡ್ಲರ್ ತನ್ನ 'ದಿ ಲಾಂಗ್ ಗುಡ್‌ಬೈ' ಪತ್ತೇದಾರಿ ಕಾದಂಬರಿಯಲ್ಲಿ ಒಂದು ಪಾತ್ರದ ಬಾಯಲ್ಲಿ ಅರ್ಧ–ಅರ್ಧವೇ ನಿಜವಾದ ಗಿಮ್ಲೆಟ್ ಎಂದು ವಾದಿಸಿದ ಮೇಲೆ ಆ ಅಳತೆ ಶಾಸ್ತ್ರವಾಗಿಬಿಟ್ಟಿತು. ಲಾಸ್ ಏಂಜಲೀಸಿನ ಬಾರಿನಲ್ಲಿ ಕೂತ ಇಬ್ಬರು ಒಂಟಿ ಗಂಡಸರ ಸ್ನೇಹವೇ ಆ ಪಾನೀಯದ ಸುತ್ತ ಕಟ್ಟಿಕೊಂಡಿದೆ. ಓದಿದವರಿಗೆ ಗಿಮ್ಲೆಟ್ಟಿನ ರುಚಿಗೆ ಒಂದು ಬೇಸರದ ಛಾಯೆ ಸೇರಿಕೊಳ್ಳುತ್ತದೆ.

ಅರ್ಧ ಅಂದರೆ ಎಷ್ಟು

ಹಳೆಯ ಅಳತೆಯನ್ನು ಓದುವಾಗ ಆ ಪಾಲು ಅಲ್ಲಿ ಯಾವ ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಳ್ಳಬೇಕು. ಕ್ರಾಡಕ್‌ನ ಕಾಲದ ಕಾಕ್‌ಟೇಲ್ ಗಾಜು ಪುಟ್ಟದು, ಎರಡು–ಎರಡೂವರೆ ಔನ್ಸು, ಅಂದರೆ 60ರಿಂದ 75 ಮಿಲಿ. ಇಂದು ಅಂಗಡಿಯಲ್ಲಿ ಸಿಗುವ ಅಗಲ ಬಾಯಿಯ ಗಾಜುಗಳು ಅದರ ಮೂರರಷ್ಟು ಹಿಡಿಯುತ್ತವೆ. ಆ ಗಾಜನ್ನು ಅರ್ಧ–ಅರ್ಧದಲ್ಲಿ ತುಂಬಿಸಿದರೆ ಕಾರ್ಡಿಯಲ್ ನೂರು ಮಿಲಿ ಹತ್ತಿರ ಹೋಗುತ್ತದೆ.

ಎರಡನೆಯದು ಜಿನ್ನಿನ ಬಲ. ನೌಕಾಪಡೆಗೆ ಹೋಗುತ್ತಿದ್ದ ಜಿನ್ನಿನ ಬಲ ಶೇಕಡಾ 57ರ ಆಸುಪಾಸು, ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನೂರು ಪ್ರೂಫ್. ಅಂಥ ಜಿನ್ನಿಗೆ ಸಮಪಾಲು ಕಾರ್ಡಿಯಲ್ ಸೇರಿದರೆ ಐಸಿಲ್ಲದೆ ಪಾನೀಯದ ಬಲ ಶೇಕಡಾ 28ರ ಮೇಲೆ ನಿಲ್ಲುತ್ತದೆ. ಅಷ್ಟು ಉರಿಯನ್ನು ತಣಿಸಲು ಅಷ್ಟು ಸಕ್ಕರೆ ಬೇಕೇ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಜಿನ್ ಶೇಕಡಾ 42.8ರದು. ಸಮಪಾಲು ಬೆರೆತರೆ 21ಕ್ಕೆ ಇಳಿಯುತ್ತದೆ, ಐಸು ಕರಗಿದರೆ 17ರ ಸುಮಾರಿಗೆ ಬರುತ್ತದೆ. ಉರಿ ಹೋಯಿತು, ಸಕ್ಕರೆ ಹಾಗೇ ಉಳಿಯಿತು. ನಮ್ಮ ಗಾಜಿನ ಸೋಲಿಗೆ ಕಾರಣ ಇದೇ.

ಮೂರನೆಯದು ಐಸು. ಹಳೆಯ ಬರಹದಲ್ಲಿ ಐಸು ಇಷ್ಟವಿದ್ದವರಿಗೆ ಮಾತ್ರ. ನಮಗೆ ಅದಿಲ್ಲದೆ ಕಾಕ್‌ಟೇಲೇ ಇಲ್ಲ. ಐಸು ತಂಪು ಮಾಡುವುದು ಕರಗುವುದರಿಂದ, ಹಾಗಾಗಿ ತಂಪು ಬೇಕೆಂದರೆ ನೀರೂ ಬರುತ್ತದೆ. ಈ ನೀರನ್ನು ಕಲಬೆರಕೆ ಎಂದು ಹೊಸಬರು ಹೆದರುತ್ತಾರೆ. ಹೆದರಬೇಕಿಲ್ಲ. ಕರಗಿದ ನೀರು ಪಾನೀಯದ ಒಂದು ಪದಾರ್ಥ. ಗಾಜಿನಲ್ಲಿರುವ 85 ಮಿಲಿಗೆ 20–25 ಮಿಲಿ ನೀರು ಸೇರಿದಾಗ ಜಿನ್ನಿನ ಘಾಟು ಸಡಿಲವಾಗಿ, ಒಳಗಿದ್ದ ಕಂಪು ಮೇಲೆ ಬರುತ್ತದೆ. ಮದ್ಯ ಇರುವುದರಿಂದ ಇಡೀ ಪಾನೀಯ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೂ ಹೆಪ್ಪುಗಟ್ಟದೆ ಇಳಿಯುತ್ತದೆ. ಆ ತಂಪಿನಲ್ಲಿ ಸಿಹಿ ಕಡಿಮೆ ತಿಳಿಯುತ್ತದೆ. ಐಸ್‌ಕ್ರೀಮು ಕರಗಿದ ಮೇಲೆ ಬಾಯಿಗೆ ಹಾಕಿಕೊಂಡವರಿಗೆ ಇದು ಗೊತ್ತು.

ಇಷ್ಟು ತಿಳಿದ ಮೇಲೆ ನಾನು ಬಳಸುವ ಅಳತೆ ಜಿನ್ 60 ಮಿಲಿ, ಮನೆಯಲ್ಲಿ ಮಾಡಿದ ಕಾರ್ಡಿಯಲ್ 25 ಮಿಲಿ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಪೆಗ್ಗಿಗೆ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಂಗಡಿಯ ಕಾರ್ಡಿಯಲ್ಲೇ ಆಗಬೇಕೆಂದರೆ 60ಕ್ಕೆ 15 ಸಾಕು, ಜೊತೆಗೆ ಒಂದು ಟೀ ಚಮಚ ತಾಜಾ ರಸ.

ಭರಣಿಯ ಕೆಲಸ

ಈಗ ಮನೆಯಲ್ಲಿ ಕಾರ್ಡಿಯಲ್ ಮಾಡುವುದಕ್ಕೆ ಬರುತ್ತೇನೆ. ಇಲ್ಲಿ ನಮ್ಮೂರಿನವರಿಗೆ ಒಂದು ಭಾಗ್ಯವಿದೆ. ಲಂಡನ್, ನ್ಯೂಯಾರ್ಕಿನ ಮನೆಗಳಲ್ಲಿ ಇಂದು ಬಳಸುವುದು ಬಹುಪಾಲು ಬೀಜವಿಲ್ಲದ ದಪ್ಪ ಪರ್ಷಿಯನ್ ನಿಂಬೆ. ಡೊಮಿನಿಕಾದ ತೋಟಗಳಿಂದ ರೋಸ್ ಕಂಪನಿಗೆ ಹೋಗುತ್ತಿದ್ದದ್ದು ಸಣ್ಣ, ತೆಳು ಸಿಪ್ಪೆಯ, ಬೀಜ ತುಂಬಿದ ನಿಂಬೆ. ಅದು ನಮ್ಮ ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಕಾಗ್ಜಿ ನಿಂಬೆಯ ಜಾತಿಯದೇ. ಏಷ್ಯಾದಲ್ಲಿ ಹುಟ್ಟಿದ ಗಿಡ ಅರಬರ ಕೈಯಿಂದ ಸ್ಪೇನಿಗೆ, ಸ್ಪೇನಿನವರ ಕೈಯಿಂದ ಕೆರಿಬಿಯನ್ನಿಗೆ ಹೋಗಿ ಅಲ್ಲಿಂದ ಇಂಗ್ಲಿಷರ ಹಡಗು ಹತ್ತಿತು. ವಿಜಯಪುರ ಜಿಲ್ಲೆಯ ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ತೆಳು ಸಿಪ್ಪೆ, ತುಂಬು ರಸ, ಮೂಗಿಗೆ ಹಿಡಿದರೆ ಎಣ್ಣೆಯ ಘಮ. 1922ರ ಗಿಮ್ಲೆಟ್ಟಿಗೆ ಬೇಕಾದ ಹಣ್ಣು ಅಂಥದು. ಹೊರದೇಶದಲ್ಲಿರುವ ಕನ್ನಡಿಗರು ಅಂಗಡಿಯಲ್ಲಿ ಕೀ ಲೈಮ್ ಎಂಬ ಹೆಸರಿನ ಬಲೆಚೀಲ ಹುಡುಕಲಿ, ಅದರಲ್ಲಿರುವುದೂ ಇದೇ ಹಣ್ಣು.

ಹನ್ನೆರಡು ನಿಂಬೆ ತೆಗೆದುಕೊಳ್ಳಿ. ಹಸಿರು ಇನ್ನೂ ಉಳಿದಿರುವ, ಅರೆಹಣ್ಣಾದವು ಒಳ್ಳೆಯದು. ಪೂರ್ತಿ ಹಳದಿಯಾದವುಗಳ ಸಿಪ್ಪೆಯಲ್ಲಿ ಹಸಿರು ಕಂಪು ಇಳಿದಿರುತ್ತದೆ. ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ, ಸಣ್ಣ ಕಣ್ಣಿನ ತುರಿಮಣೆಯ ಮೇಲೆ ಹಗುರವಾಗಿ ಆಡಿಸಿ. ಹಸಿರು ಪೊರೆ ಮಾತ್ರ ಬರಬೇಕು, ಕೆಳಗಿನ ಬಿಳಿ ಬರಬಾರದು. ಕಾಗ್ಜಿ ನಿಂಬೆಯ ಸಿಪ್ಪೆ ತೆಳುವಾದ್ದರಿಂದ ಒತ್ತಿ ತುರಿದರೆ ಬಿಳಿ ಬಂದೇ ಬರುತ್ತದೆ. ಮೊದಲ ಸಲ ನಾನು ಸಿಪ್ಪೆಯನ್ನು ಬಿಳಿ ಸಮೇತ ಹೆಚ್ಚಿ ಪಾಕದಲ್ಲಿ ಕುದಿಸಿಬಿಟ್ಟೆ. ಸೀಸೆ ತುಂಬ ಬೇವಿನ ಕಷಾಯದಂಥ ಕಹಿ. ಅಂದಿನಿಂದ ಕಾರ್ಡಿಯಲ್ಲನ್ನು ಒಲೆಗೆ ಇಟ್ಟಿಲ್ಲ.

ತುರಿಗೆ 150 ಗ್ರಾಂ ಬಿಳಿ ಸಕ್ಕರೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿ. ಎರಡು ನಿಮಿಷದಲ್ಲಿ ಸಕ್ಕರೆ ಒದ್ದೆಯಾಗಿ ಹಸಿರಾಗುತ್ತದೆ, ಕೋಣೆಯೆಲ್ಲ ಘಮಘಮ. ಸಕ್ಕರೆ ಸಿಪ್ಪೆಯೊಳಗಿನ ಎಣ್ಣೆಯನ್ನು ಹೊರಗೆಳೆಯುವ ಈ ಉಪಾಯ ಹಿಂದೆ ಪಂಚ್ ಎಂಬ ಪಾನೀಯ ತಯಾರಿಸುತ್ತಿದ್ದವರದು. ಇದರಲ್ಲೇ ಕಾದಿಟ್ಟ ನಿಂಬೆಯ ಗುಟ್ಟು ಇದೆ. ಹಿಂಡಿದ ರಸದಲ್ಲಿ ಹುಳಿ ಇರುತ್ತದೆ, ನಿಂಬೆತನ ಬಹುಪಾಲು ಸಿಪ್ಪೆಯಲ್ಲಿರುತ್ತದೆ. ಮುಚ್ಚಿ ಒಂದು ರಾತ್ರಿ ಬಿಡಿ. ತುರಿದ ನಿಂಬೆಗಳನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿರಿ, ಸಿಪ್ಪೆ ಕಳೆದ ಹಣ್ಣು ಬೇಗ ಒಣಗುತ್ತದೆ.

ಬೆಳಿಗ್ಗೆ ಅವನ್ನು ಹಿಂಡಿ 150 ಮಿಲಿ ರಸ ಅಳೆದುಕೊಂಡು ಸಕ್ಕರೆಗೆ ಸುರಿಯಿರಿ. ಸಿಟ್ರಿಕ್ ಆ್ಯಸಿಡ್, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದರೆ ಕೊಡುತ್ತಾರೆ, 5 ಗ್ರಾಂ ಸೇರಿಸಿ. ತಾಜಾ ರಸದ ಹುಳಿಯೊಂದೇ ಇಷ್ಟು ಸಕ್ಕರೆಗೆ ಸಾಲದು. ಹೆಚ್ಚು ರಸ ಸುರಿದರೆ ನೀರೂ ಹೆಚ್ಚಿ ಕಾರ್ಡಿಯಲ್ ತೆಳುವಾಗುತ್ತದೆ. ಕಲ್ಲುಪ್ಪಿನ ಪುಡಿ ಒಂದು ಚಿಟಿಕೆ. ನಿಂಬೆ ಪಾನಕಕ್ಕೆ ನಾವು ಉಪ್ಪು ಹಾಕುವುದು ಯಾಕೋ ಇಲ್ಲಿಯೂ ಅದಕ್ಕೇ, ಕಹಿ ತಗ್ಗಿ ಸಿಹಿ ಹುಳಿಗಳು ಕೈ ಹಿಡಿದುಕೊಳ್ಳುತ್ತವೆ. ಸಕ್ಕರೆ ಪೂರ್ತಿ ಕರಗುವ ತನಕ ಆಗಾಗ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ತೊಳೆದು ಒಣಗಿಸಿದ ಗಾಜಿನ ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿಡಿ. 220–240 ಮಿಲಿ ಬರುತ್ತದೆ. ಅಂದೇ ಬಳಸಬೇಡಿ. ಎರಡು ದಿನ ಕೂತ ಮೇಲೆ ಹುಳಿಯ ಚೂಪು ಇಳಿದು ಉಪ್ಪಿನಕಾಯಿಯ ನಿಂಬೆಯ ಕಡೆಯ ಆ ದುಂಡು ರುಚಿ ಬರುತ್ತದೆ. ಎರಡು ವಾರದೊಳಗೆ ಮುಗಿಸಿ. ಮದ್ಯ ಬೇಡದವರು ಇದೇ ಕಾರ್ಡಿಯಲ್ಲಿಗೆ ನಾಲ್ಕು ಪಾಲು ತಣ್ಣನೆಯ ಸೋಡಾ ಸೇರಿಸಿ ಕುಡಿಯಬಹುದು, ಈ ಕೈಪಿಡಿಯ ಅರ್ಧ ಸುಖ ಅದರಲ್ಲಿದೆ.

ಬೆಲ್ಲ ಹಾಕಬಹುದೇ ಎಂದು ಗೆಳೆಯರು ಕೇಳುತ್ತಾರೆ. ಬೆಲ್ಲದ ಪಾನಕ ನನಗೆ ಪ್ರಾಣ. ಆದರೆ ಬೆಲ್ಲಕ್ಕೆ ತನ್ನದೇ ಗಟ್ಟಿ ದನಿಯಿದೆ, ಜಿನ್ನಿನ ಸಣ್ಣ ದನಿ ಅದರ ಮುಂದೆ ಕೇಳಿಸುವುದಿಲ್ಲ. ರಮ್ಮಿಗೆ ಇರಲಿ.

ಮೂಗಿನಿಂದ ಶುರು

ಜಿನ್ ಗೊತ್ತಿಲ್ಲದೆ ಗಿಮ್ಲೆಟ್ ಗೊತ್ತಾಗುವುದಿಲ್ಲ. ಜಿನ್ನಿನ ಜೀವ ಜುನಿಪರ್ ಎಂಬ ಪೊದೆಯ ಕಾಯಿ. ಸಂಸ್ಕೃತದಲ್ಲಿ ಅದಕ್ಕೆ ಹಪುಷಾ ಎಂದು ಹೆಸರು, ಹಿಮಾಲಯದಲ್ಲೂ ಬೆಳೆಯುತ್ತದೆ. ವಾಸನೆ ಹೇಗೆಂದು ಕೇಳಿದರೆ ಪೈನ್ ಮರದ ತೊಗಟೆ, ರಾಳ, ಆಗತಾನೆ ಹಚ್ಚಿದ ಧೂಪ. ಪ್ಲಿಮತ್ ಜಿನ್ನಿನಲ್ಲಿ ಜುನಿಪರ್ ಸೇರಿ ಏಳು ಸಾಮಗ್ರಿ. ಕೊತ್ತಂಬರಿ ಬೀಜ, ಏಲಕ್ಕಿ, ಒಣ ಕಿತ್ತಳೆ ಸಿಪ್ಪೆ, ಹಳದಿ ನಿಂಬೆ ಸಿಪ್ಪೆ, ಎರಡು ಬಗೆಯ ಬೇರು. ಇವುಗಳಲ್ಲಿ ಮೊದಲೆರಡು ನಮ್ಮ ಮಸಾಲೆ ಡಬ್ಬಿಯವೇ. ನಾಲ್ಕು ಕೊತ್ತಂಬರಿ ಬೀಜ ಜಜ್ಜಿ ಮೂಗಿಗೆ ಹಿಡಿಯಿರಿ, ಅದರೊಳಗೆ ನಿಂಬೆಯ ಎಳೆಯೊಂದು ಅಡಗಿದೆ. ಜಿನ್ನಿಗೂ ನಿಂಬೆಗೂ ಇಷ್ಟು ಸಲೀಸಾಗಿ ಹೊಂದಿಕೆಯಾಗುವುದಕ್ಕೆ ಆ ಎಳೆಯೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಕೊಳ್ಳುವಾಗ ಜುನಿಪರ್ ಮುಂದಿರುವ ಲಂಡನ್ ಡ್ರೈ ಬಗೆಯದನ್ನೇ ಆರಿಸಿ. 2017ರಲ್ಲಿ ಗೋವಾದಿಂದ ಬಂದ ಗ್ರೇಟರ್ ದ್ಯಾನ್ ಈ ಬಗೆಯದು. ಹೂವು, ಹಣ್ಣು, ಚಹಾ ಎಂದು ಹೊಸ ಹೊಸ ಪರಿಮಳ ತುಂಬಿದ ಜಿನ್‌ಗಳು ಟಾನಿಕ್ ಜೊತೆ ಸೊಗಸು. ಗಿಮ್ಲೆಟ್ಟಿನಲ್ಲಿ ಅವು ಕಾರ್ಡಿಯಲ್ಲಿನೊಂದಿಗೆ ಜಗಳಕ್ಕೆ ನಿಲ್ಲುತ್ತವೆ.

ಬೆರೆಸುವುದು ಐದು ನಿಮಿಷದ ಕೆಲಸ. ಗಾಜನ್ನು ಮೊದಲೇ ಫ್ರೀಜರಿನಲ್ಲಿಡಿ. ದೊಡ್ಡ ಲೋಟಕ್ಕೆ ಜಿನ್, ಕಾರ್ಡಿಯಲ್ ಹಾಕಿ ಕಂಠದವರೆಗೆ ಐಸು ತುಂಬಿ. ಐಸು ಕಡಿಮೆಯಾದರೆ ಪಾನೀಯ ತಣ್ಣಗಾಗುವ ಮೊದಲೇ ನೀರಾಗುತ್ತದೆ. ಉದ್ದ ಚಮಚದಲ್ಲಿ ಸದ್ದಿಲ್ಲದೆ ಮೂವತ್ತು–ನಲವತ್ತು ಸುತ್ತು ಕಲಕಿ, ಚಹಾ ಸೋಸುವ ಜರಡಿಯಲ್ಲಿ ಗಾಜಿಗೆ ಇಳಿಸಿ. ಶೇಕರಿನಲ್ಲಿ ಕುಲುಕುವವರೇ ಇಂದು ಹೆಚ್ಚು. ಕುಲುಕಿದರೆ ಗಾಳಿ ಸೇರಿ ನೊರೆಯೇಳುತ್ತದೆ, ಐಸಿನ ಚೂರು ತೇಲುತ್ತದೆ, ಹುಳಿ ಮುಂದೆ ಬರುತ್ತದೆ. ತಾಜಾ ರಸದ ಪಾನೀಯಕ್ಕೆ ಅದೇ ಸರಿ. ಕಾರ್ಡಿಯಲ್ಲಿನ ಗಿಮ್ಲೆಟ್ಟಿಗೆ ಕಲಕಿದಾಗ ಬರುವ ರೇಷ್ಮೆಯಂಥ ಭಾರವೇ ನನಗೆ ಹೆಚ್ಚು, ಮೆಕೆಲ್ಹೋನ್ ಮತ್ತು ಕ್ರಾಡಕ್ ಕೂಡ ಕಲಕಿ ಎಂದೇ ಬರೆದದ್ದು.

ಕುಡಿಯುವಾಗ ಅವಸರ ಬೇಡ, ಹಾಗೆಂದು ತಂಪು ಹೋಗುವ ತನಕ ಕಾಯುವುದೂ ಬೇಡ. ಮೊದಲು ಮೂಗು. ಸಿಪ್ಪೆಯ ಎಣ್ಣೆ ಮೊದಲು ಸಿಗುತ್ತದೆ, ಅದರ ಹಿಂದೆ ರಾಳ. ಎರಡರಲ್ಲಿ ಯಾವುದೂ ಸಿಗದೆ ಬರೀ ಸ್ಪಿರಿಟ್ಟಿನ ಘಾಟು ಬಂದರೆ ಕಲಕಿದ್ದು ಸಾಲದು. ಆಮೇಲೆ ಸಣ್ಣ ಗುಟುಕು, ನಾಲಗೆಯ ಮೇಲೆ ಎರಡು ಎಣಿಸುವಷ್ಟು ಹೊತ್ತು. ಹುಳಿ ಕೆನ್ನೆಯ ಒಳಬದಿಗೆ ಹೋಗಿ ಬಾಯಿ ನೀರೂರಬೇಕು, ಸಿಹಿ ಅದನ್ನು ಹಿಡಿದು ನಿಲ್ಲಿಸಬೇಕು. ನುಂಗಿದ ಮೇಲೆ ನಾಲಗೆಯ ಬುಡದಲ್ಲಿ ಸಣ್ಣ ಕಹಿಯೊಂದು ಉಳಿಯಬೇಕು. ಆ ಕಹಿಯಿಲ್ಲದ ಗಿಮ್ಲೆಟ್ ಶರಬತ್ತು. ಹೊಸಬರು ಅದನ್ನು ದೋಷವೆಂದು ತಿಳಿದು ಮುಂದಿನ ಸಲ ಸಕ್ಕರೆ ಹೆಚ್ಚಿಸುತ್ತಾರೆ, ಹಾಗೆ ಮಾಡಬೇಡಿ. ಹಾಗಲಕಾಯಿ ಗೊಜ್ಜಿನ ಸಿಹಿ ಹುಳಿಯ ಕೆಳಗೆ ಕಹಿ ಕಾಯುತ್ತಿರುವುದನ್ನು ಇಷ್ಟಪಡುವ ನಾಲಗೆ ನಮ್ಮದು. ಇದನ್ನು ಕಲಿಯಲು ನಮಗೆ ಬಹಳ ದೂರ ಹೋಗಬೇಕಾಗಿಲ್ಲ.

ನಾಲಗೆ ಹದಗೊಳಿಸಲು ಒಂದು ಸಂಜೆಯ ಅಭ್ಯಾಸ ಹೇಳುತ್ತೇನೆ. ಇಬ್ಬರು ಮೂವರು ಗೆಳೆಯರಿದ್ದರೆ ಚೆನ್ನು, ಒಂದೊಂದು ಗಾಜನ್ನು ಎಲ್ಲರೂ ಹಂಚಿಕೊಳ್ಳಬಹುದು. ಮೂರು ಪುಟ್ಟ ಗಾಜು. ಒಂದರಲ್ಲಿ ಮೆಕೆಲ್ಹೋನ್‌ನ ಅರ್ಧ–ಅರ್ಧ, ಅಂಗಡಿಯ ಕಾರ್ಡಿಯಲ್ಲಿನದು. ಎರಡನೆಯದರಲ್ಲಿ ಕ್ರಾಡಕ್‌ನ ಗಿಂಬ್ಲೆಟ್, ತಾಜಾ ರಸ, ಸೋಡಾ. ಮೂರನೆಯದರಲ್ಲಿ ಮನೆಯ ಕಾರ್ಡಿಯಲ್ಲಿನ 60–25. ಮೊದಲನೆಯದು ದಪ್ಪವಾಗಿ, ಒಂದೇ ಬಣ್ಣದಲ್ಲಿ ಬರುತ್ತದೆ, ಆದರೂ ಅದರ ಕೊನೆಯಲ್ಲಿ ಹಳೆಯ ಹಡಗಿನ ನಿಂಬೆಯ ಛಾಯೆ ಇದೆ, ಗಮನಿಸಿ. ಎರಡನೆಯದು ಬೆಳಗಿನ ಗಾಳಿಯ ಹಾಗೆ ಚುರುಕು, ಬೇಗ ಬಂದು ಬೇಗ ಹೋಗುತ್ತದೆ. ಮೂರನೆಯದಕ್ಕೆ ಬಂದಾಗ ಮೊದಲೆರಡರ ನಡುವೆ ಏನು ಕಾಣೆಯಾಗಿತ್ತೋ ಅದು ತಿಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಮೂರನ್ನೂ ಮತ್ತೆ ರುಚಿ ನೋಡಿ. ತಂಪು ಇಳಿದಂತೆ ಸಿಹಿ ಮೇಲೆ ಬರುತ್ತದೆ. ಆಗಲೂ ಮೂರನೆಯ ಗಾಜಿನಲ್ಲಿ ಜಿನ್ನಿನ ರಾಳ ಗುರುತಿಗೆ ಸಿಕ್ಕಿದರೆ ನಿಮ್ಮ ಹದ ಸರಿಯಾಗಿದೆ. ಸಿಗದಿದ್ದರೆ ಮುಂದಿನ ಸಲ ಕಾರ್ಡಿಯಲ್ 20ಕ್ಕೆ ಇಳಿಸಿ.

ಬೇಸಿಗೆಯ ನಿಂಬೆ ಬೇರೆ, ಮಳೆಗಾಲದ ನಿಂಬೆ ಬೇರೆ. ಒಂದರಲ್ಲಿ ರಸ ಕಡಿಮೆ ಹುಳಿ ಹೆಚ್ಚು, ಇನ್ನೊಂದರಲ್ಲಿ ತಿರುಗುಮುರುಗು. ಅದಕ್ಕೇ ಕಾರ್ಡಿಯಲ್ ಮಾಡಿದ ದಿನ ನಾನು ನಿಂಬೆಯನ್ನೂ ತಕ್ಕಡಿಗೆ ಹಾಕಿ ಬರೆದಿಡುತ್ತೇನೆ. ಈ ಕೈಪಿಡಿ ಓದಿ ಮಾಡುವವರೂ ಬರೆದಿಟ್ಟುಕೊಳ್ಳಲಿ, ಮುಂದೆ ನಿಮ್ಮ ಪುಸ್ತಕ ತೆರೆಯುವವರು ನಿಂಬೆ ಗಾತ್ರ ಎಂದರೆ ಎಷ್ಟು ಎಂದು ತಡಕಾಡಬೇಕಾಗುವುದಿಲ್ಲ. ನನ್ನ ನೋಟ್‌ಪುಸ್ತಕದ ಫೆಬ್ರುವರಿಯ ಪುಟದಲ್ಲಿರುವುದು ಇಷ್ಟು: ನಿಂಬೆ 12, ತೂಕ 455 ಗ್ರಾಂ, ಅರೆಹಸಿರು. ರಸ 170 ಮಿಲಿ, 150 ಬಳಸಿದೆ. ಸಕ್ಕರೆ 150, ನಿಂಬೆ ಉಪ್ಪು 5. ಮೂರನೆಯ ದಿನ ತೆರೆದೆ. ಕಹಿ ಕೊನೆಯಲ್ಲಿ ಬಂತು, ಬರಬೇಕಾದಷ್ಟೇ.